ಇಪ್ಪತ್ತಮೂರಕ್ಕೆ ಇಬ್ಬರು ಹಕ್ಕುದಾರರು

"ಈ ಡಬ್ಬಿ ಇಲ್ಲಿಗೆ ಯಾವಾಗ ಬಂತು?" ಎಂದು ಮೇಷ್ಟ್ರು ಕೇಳಿದರು.

ತಪಾಸಣೆ ಕೋಣೆಯ ಗೋಡೆಗೂಡಿನಲ್ಲಿ, ಗಾಜು ಉಜ್ಜುವ ಪುಡಿಯ ಎರಡು ಡಬ್ಬಗಳ ನಡುವೆ, ಮಾಸಿದ ಕಪ್ಪು ರೂಟರ್ ಒಂದು ಕುಳಿತಿತ್ತು. ಅದರ ಎರಡು ಕೊಂಬುಗಳಲ್ಲಿ ಒಂದು ಮುರಿದು ಅಂಟುಪಟ್ಟಿಯ ಆಧಾರದಲ್ಲಿ ನಿಂತಿತ್ತು. ಹಿಂಬದಿಯಿಂದ ಹೊರಟ ಹಳದಿ ತಂತಿ ಗೋಡೆಯ ರಂಧ್ರ ಹೊಕ್ಕು ಮೇಲಿನ ಕಚೇರಿಗೆ ಏರಿತ್ತು. ಮೂರು ದಿನಗಳಿಂದ ಈ ಕೋಣೆಗೆ ಬಂದವರೆಲ್ಲ ಮೇಜಿನ ಮೇಲಿನ ಪ್ರಿಂಟರನ್ನೇ ನೋಡಿದ್ದರು. ಗೂಡಿನತ್ತ ಯಾರ ಕಣ್ಣೂ ಹೋಗಿರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ. ಐದಕ್ಕೆ ನೂರಾಹತ್ತು ನಿಮಿಷ ಉಳಿದಿತ್ತು.

ಐದು ಗಂಟೆಗೆ ಈ ಕನ್ನಡಕದ ಗಾಜಿನ ಕಾರ್ಖಾನೆಯ ಯಜಮಾನರು ಎರಡು ಪತ್ರಗಳಿಗೆ ಸಹಿ ಹಾಕಲಿದ್ದರು. ಮೊದಲನೆಯದರಿಂದ ಗಾಜಿನಕ್ಕನ ಕೆಲಸ ಹೋಗುತ್ತಿತ್ತು. ಎರಡನೆಯದು ಕಣ್ಣಾಸ್ಪತ್ರೆಗೆ; ಅದರಿಂದ ಅವಳ ಹೆಸರು ಹೋಗುತ್ತಿತ್ತು. ಹತ್ತೊಂಬತ್ತು ವರ್ಷ ಇದೇ ಮೇಜಿನ ಮುಂದೆ ಕುಳಿತು, ಸಿದ್ಧವಾದ ಪ್ರತಿಯೊಂದು ಗಾಜನ್ನೂ ಅಳೆದು ಮುದ್ರೆ ಒತ್ತಿದ ಹೆಂಗಸಿಗೆ ಆಮೇಲೆ ಬೇರೆ ಯಾವ ಕಾರ್ಖಾನೆಯ ಬಾಗಿಲೂ ತೆರೆಯುತ್ತಿರಲಿಲ್ಲ.

ಅವಳ ಮೇಲಿನ ಆರೋಪ ಒಂದೇ ಸಾಲಿನದು. ಇಲ್ಲಿನ ಗಾಜುಗಳ ಅಳತೆ ತಪ್ಪೆಂದು ಆಸ್ಪತ್ರೆಗೆ ಹೋದ ಮೂಗರ್ಜಿ ಗುರುವಾರ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಈ ಪ್ರಿಂಟರಿನಲ್ಲಿ ಅಚ್ಚಾಗಿತ್ತು. ಅದನ್ನು ಕಳುಹಿಸಿದ ಯಂತ್ರದ ಸಂಖ್ಯೆ ಇಪ್ಪತ್ತಮೂರು ಎಂದು ಪ್ರಿಂಟರೇ ದಾಖಲಿಸಿಕೊಂಡಿತ್ತು. ಇಪ್ಪತ್ತಮೂರು ಎಂದರೆ ಗಾಜಿನಕ್ಕನ ಕಂಪ್ಯೂಟರ್.

ಅವಳ ಪರವಾಗಿ ಬೆಳಗ್ಗೆಯೇ ಬಂದಿದ್ದ ಮೇಷ್ಟ್ರ ಬಳಿ ಯಜಮಾನರು ಬಾಲ್ಯದಲ್ಲಿ ಅಂಕಗಣಿತ ಕಲಿತವರು. ಆ ಒಂದು ಕಾರಣಕ್ಕೆ ಐದು ಗಂಟೆಯ ಗಡುವು ಸಿಕ್ಕಿತ್ತು.

ಮೇಷ್ಟ್ರ ಪ್ರಶ್ನೆಗೆ ಉತ್ತರ ಬಂದದ್ದು ಯಜಮಾನರ ಅಳಿಯನಿಂದ. ಮಡಚಿದ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲ ಬಳಿ ನಿಂತಿದ್ದ ಆತ, ಡಬ್ಬಿ ಬಂದದ್ದು ಬುಧವಾರ ಸಂಜೆ ಎಂದ. ಪ್ರಿಂಟರ್ ಮೊದಲು ಮೇಲಿನ ಕಚೇರಿಯಲ್ಲಿತ್ತು. ಅಳತೆ ಚೀಟಿಗಾಗಿ ದಿನಕ್ಕೆ ಮೂವತ್ತು ಸಲ ಮೆಟ್ಟಿಲು ಹತ್ತಿಳಿಯುವುದು ವ್ಯರ್ಥವೆಂದು ಅದನ್ನು ಕೆಳಗೆ ತಂದರು. ಮೇಲಿನ ಹೊಸ ರೂಟರಿನ ವೈಫೈ ಅಲೆ ಇಲ್ಲಿನ ದಪ್ಪ ಗೋಡೆ ದಾಟಲಿಲ್ಲ. ಆಗ ಮನೆಯ ಅಟ್ಟದಲ್ಲಿ ಬಿದ್ದಿದ್ದ ಈ ಹಳೆಯ ರೂಟರನ್ನು ತಂದು, ಮೇಲಿನದರಿಂದ ತಂತಿ ಎಳೆದು ಸಿಕ್ಕಿಸಿ, ಪ್ರಿಂಟರನ್ನು ಇದರ ಅಲೆಗೆ ಜೋಡಿಸಿದ. ವಿಡಿಯೊ ನೋಡಿ, ಯಾರ ಸಹಾಯವೂ ಇಲ್ಲದೆ, ಅರ್ಧ ಗಂಟೆಯಲ್ಲಿ ಮುಗಿಸಿದ್ದ. ಅದನ್ನು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ಮೇಷ್ಟ್ರು ಪಕ್ಕಕ್ಕೆ ತಿರುಗಿ ತಮ್ಮ ಹೆಂಡತಿಯ ತಮ್ಮನತ್ತ ನೋಡಿದರು. ಅಷ್ಟೇ ಸಾಕಾಯಿತು. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಕಂಬ ಹತ್ತಿ ನಿವೃತ್ತರಾಗಿದ್ದ ಲೈನ್‌ಮನ್, ಕರೆಯದೆ ಬರುವವರಲ್ಲ, ಕರೆದರೆ ಬಿಡುವವರಲ್ಲ. ಸ್ಟೂಲು ಎಳೆದುಕೊಂಡು ಹತ್ತಿ, ಡಬ್ಬಿಯ ಬೆನ್ನನ್ನು ಬೆಳಕಿಗೆ ತಿರುಗಿಸಿದರು. ಅಲ್ಲಿ ಒತ್ತಾಗಿ ನಾಲ್ಕು ತೂತುಗಳಿದ್ದವು. ಐದನೆಯದು ಬೇರೆ ಬಣ್ಣದ್ದು, ಸ್ವಲ್ಪ ದೂರದಲ್ಲಿತ್ತು. ತಂತಿ ನಾಲ್ಕರಲ್ಲೊಂದರಲ್ಲಿ ಇತ್ತು.

"ತೂತು ಸರಿಯಾಗೇ ಹಿಡಿದಿದ್ದಾರೆ ಭಾವ. ಆ ಐದನೇದಕ್ಕೆ ಹಾಕಿದ್ರೆ ಬೇರೆ ಸಂಸಾರ ಹೂಡಿದ ಹಾಗೆ. ಇದು ಹಾಗಲ್ಲ, ಕೂಡು ಕುಟುಂಬಕ್ಕೆ ಇನ್ನೊಂದು ಕೋಣೆ ಕಟ್ಟಿದ ಹಾಗೆ."

"ಅಂದ್ರೆ ಮೇಲಿನದೂ ಇದೂ ಒಂದೇ ಮನೆ."

"ಒಂದೇ ಮನೆ. ಆದ್ರೆ ಈ ಮುದುಕ ಮೊದಲು ಬೇರೆ ಮನೇಲಿ ಯಜಮಾನಿಕೆ ಮಾಡಿದೋನು. ಇಲ್ಲಿಗೆ ಬಂದಾಗ ಅವನ ಸೊಂಟದ ಬೀಗದ ಕೈ ಕಿತ್ಕೊಂಡಿದ್ದಾರೋ ಇಲ್ವೋ, ಅದು ನೋಡ್ಬೇಕು."

ಮೇಷ್ಟ್ರು ತಮ್ಮ ಪುಸ್ತಕ ತೆರೆದು ಒಂದು ಸಾಲು ಬರೆದುಕೊಂಡರು. ಬಳಿಕ ಗಾಜಿನಕ್ಕನನ್ನು ಕರೆಸಿದರು.

ಶನಿವಾರದಿಂದ ಅವಳಿಗೆ ಕೋಣೆಯ ಒಳಗೆ ಪ್ರವೇಶವಿರಲಿಲ್ಲ. ಓಣಿಯಲ್ಲಿ ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತಿದ್ದವಳು ಹೊಸ್ತಿಲಿನ ಹೊರಗೇ ಬಂದು ನಿಂತಳು. ಐವತ್ತರ ಆಸುಪಾಸಿನ ಹೆಂಗಸು. ಹೆಬ್ಬೆರಳಿನಲ್ಲಿ ಗಾಜಿನ ಅಂಚು ಹಿಡಿದು ಹಿಡಿದು ಬಿದ್ದ ಗೆರೆ. ಗುರುವಾರ ಹನ್ನೊಂದಕ್ಕೆ ಎಲ್ಲಿದ್ದೆ ಎಂದು ಎಲ್ಲರೂ ಕೇಳಿದ್ದರು. ಅವಳು ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದಳು. ಪ್ರತಿದಿನ ಹನ್ನೊಂದರಿಂದ ಹನ್ನೊಂದೂವರೆಯವರೆಗೆ ಕಂಪ್ಯೂಟರ್ ಆರಿಸಿ ಹಿತ್ತಲಿನಲ್ಲಿ ತಟ್ಟೆ ತೊಳೆಯುತ್ತಾಳೆ. ಗಾಜು ಇಡುವ ತಟ್ಟೆಯಲ್ಲಿ ಒಂದು ಕಣ ಮರಳು ಉಳಿದರೂ ಗಾಜು ಗೀರುತ್ತದೆ. ಆ ಕೆಲಸವನ್ನು ಅವಳು ಇನ್ನೊಬ್ಬರಿಗೆ ಬಿಟ್ಟವಳಲ್ಲ.

ಆದರೆ ಮೇಷ್ಟ್ರು ಗುರುವಾರದ ಸುದ್ದಿಗೆ ಹೋಗಲಿಲ್ಲ. ಶುಕ್ರವಾರ ಏನಾಯಿತು ಎಂದು ಕೇಳಿದರು.

ಅವಳು ಹೊಸ್ತಿಲಿನಿಂದಲೇ ತನ್ನ ಕಂಪ್ಯೂಟರಿನತ್ತ ಬೆರಳು ತೋರಿಸಿದಳು.

"ಶುಕ್ರವಾರ ಹನ್ನೊಂದಕ್ಕೆ ಸ್ವಲ್ಪ ಕೆಲಸ ಬಾಕಿ ಇತ್ತು, ಕಂಪ್ಯೂಟರ್ ಆರಿಸಿರಲಿಲ್ಲ ಸಾರ್. ಪರದೆ ಮೇಲೆ ಒಂದು ಹಳದಿ ಚೌಕ ಬಂತು. ನಿನ್ನ ನಂಬರನ್ನ ಇನ್ಯಾರೋ ಇಟ್ಕೊಂಡಿದ್ದಾರೆ ಅಂತ ಬರೆದಿತ್ತು. ಚೀಟಿ ಬರೋದು ನಿಂತೇಹೋಯ್ತು."

"ಯಾರಿಗಾದ್ರೂ ಹೇಳಿದ್ಯಾ?"

"ಅಳಿಯಂದಿರಿಗೆ ಹೇಳ್ದೆ. ಆರಿಸಿ ಹಚ್ಚು ಅಂದ್ರು. ಆರಿಸಿ ಹಚ್ದೆ."

ಅಳಿಯ ಮುಖ ಸಣ್ಣದು ಮಾಡಿದ. ಹೌದು, ಹೇಳಿದ್ದಳು, ಆದರೆ ಕಂಪ್ಯೂಟರುಗಳು ದಿನಕ್ಕೊಂದು ರಾಗ ಹಾಡುತ್ತವೆ, ಎಲ್ಲಕ್ಕೂ ತಾಳ ಹಾಕುತ್ತ ಕೂರಲಾಗದು ಎಂದ. ಮೇಷ್ಟ್ರು ಅದನ್ನೂ ಬರೆದುಕೊಂಡರು.

ಅವರ ಪುಸ್ತಕದಲ್ಲಿ ಇನ್ನೊಂದು ಸಂಗತಿ ಬೆಳಗಿನಿಂದಲೂ ಕುಳಿತಿತ್ತು. ಕಳೆದ ತಿಂಗಳ ಒಂದು ದಿನ ತಪಾಸಣೆ ಪುಸ್ತಕದಲ್ಲಿ ಅರವತ್ತು ಜೊತೆ ಗಾಜು ನಮೂದಾಗಿದ್ದವು. ಅಂದಿನ ಅಳತೆ ಚೀಟಿಗಳು ಅರವತ್ತೊಂದು. ಹೆಚ್ಚಿನ ಆ ಒಂದು ಚೀಟಿಯಲ್ಲಿ ಹೆಸರಿನ ಜಾಗ ಖಾಲಿಯಿತ್ತು. ಅಳತೆ, ಅಂದರೆ ಗಾಜಿನ ಪವರ್, ಮಾತ್ರ ಅಚ್ಚುಕಟ್ಟಾಗಿತ್ತು: ಹದಿನಾಲ್ಕೂ ಮುಕ್ಕಾಲು. ಅಷ್ಟು ದಪ್ಪದ ಗಾಜನ್ನು ಈ ಕಾರ್ಖಾನೆ ವರ್ಷಕ್ಕೆ ಒಮ್ಮೆಯೂ ಉಜ್ಜುವುದಿಲ್ಲ.

ಮೇಷ್ಟ್ರು ಚೀಟಿಯನ್ನು ಅವಳೊಬ್ಬಳಿಗೆ ಮಾತ್ರ ಕಾಣುವಂತೆ ಹಿಡಿದರು.

ಗಾಜಿನಕ್ಕ ಅದನ್ನು ನೋಡಿದಳು. ಮುಖದಲ್ಲಿ ಹೆದರಿಕೆ ಕಾಣಲಿಲ್ಲ. ತೊಟ್ಟಿಲಲ್ಲಿ ಮಲಗಿದ ಮಗು ಎಲ್ಲಿ ಎದ್ದೀತೋ ಎನ್ನುವವಳ ಎಚ್ಚರ ಕಂಡಿತು.

"ಅದೊಂದನ್ನ ಮಾತ್ರ ಕೇಳ್ಬೇಡಿ ಸಾರ್. ಒಡೆದ ಗಾಜಿಂದ, ನನ್ನ ಊಟದ ಹೊತ್ತಲ್ಲಿ ಮಾಡಿದ್ದು. ಕಾರ್ಖಾನೇದು ಏನೂ ಹೋಗಿಲ್ಲ."

ಮೇಷ್ಟ್ರು ಚೀಟಿಯನ್ನು ಪುಸ್ತಕದೊಳಗೆ ಇಟ್ಟರು. ಉತ್ತರ ಕೊಡಲೊಪ್ಪದ ವಿದ್ಯಾರ್ಥಿಗೂ ಉತ್ತರ ತಿಳಿಯದ ವಿದ್ಯಾರ್ಥಿಗೂ ಇರುವ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಯಜಮಾನರು ಕೆಳಗಿಳಿದು ಬಂದಾಗ ಮೂರೂ ಮುಕ್ಕಾಲು. ಎರಡು ಪತ್ರಗಳನ್ನೂ ಲೇಖನಿಯನ್ನೂ ಕೈಯಲ್ಲೇ ಹಿಡಿದು ತಂದಿದ್ದರು. ಕಠಿಣ ಮನುಷ್ಯ, ಆದರೆ ಅನ್ಯಾಯದವರಲ್ಲ. ಮೂಗರ್ಜಿ ಬರೆದದ್ದಕ್ಕಿಂತ ಅದರಲ್ಲಿದ್ದ ವಿಷಯ ಅವರನ್ನು ಹೆಚ್ಚು ನೋಯಿಸಿತ್ತು. ಅಳೆಯದೆ ಮುದ್ರೆ ಒತ್ತಿದ ಮೂರು ಕಂತಿನ ಗಾಜುಗಳು ಆಸ್ಪತ್ರೆಗೆ ಹೋಗಿವೆ. ಒಂದರಲ್ಲಿ ಕಾಲು, ಎರಡರಲ್ಲಿ ಅರ್ಧ ಅಳತೆ ತಪ್ಪಿದೆ ಎಂದು ಅದರಲ್ಲಿತ್ತು. ಆಸ್ಪತ್ರೆಯವರು ತಿರುಗಿ ಅಳೆದರು. ಮೂರಕ್ಕೆ ಮೂರೂ ನಿಜ.

ಯಜಮಾನರ ವಾದ ಅಲ್ಲಿಂದಲೇ ಹುಟ್ಟಿತ್ತು. ಕಾಲಂಶದ ತಪ್ಪು ಹಿಡಿಯುವ ಕಣ್ಣು ಈ ಕಟ್ಟಡದಲ್ಲಿ ಒಂದೇ. ಮುದ್ರೆಯೂ ಅವಳದೇ. ಆ ಕಣ್ಣಿನವಳು ಯಜಮಾನರ ಬಳಿ ಬಂದು ಹೇಳದೆ, ಬೆನ್ನ ಹಿಂದೆ ಅರ್ಜಿ ಬರೆದಳು. ಉಂಡ ಮನೆಯ ಜಂತೆ ಎಣಿಸಿದಳು.

ಮೇಷ್ಟ್ರು ವಾದಕ್ಕೆ ಇಳಿಯಲಿಲ್ಲ. ಅಳಿಯ ಸಾಕ್ಷಿಗೆಂದು ಅಚ್ಚು ಹಾಕಿ ಕೊಟ್ಟಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಮೇಲಿನ ಹೊಸ ರೂಟರ್ ಯಾವ ಯಂತ್ರಕ್ಕೆ ಯಾವ ಸಂಖ್ಯೆ ಕೊಟ್ಟಿದೆ ಎಂಬ ಪಟ್ಟಿ ಅದು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು: ಗಾಜು ಕತ್ತರಿಸುವ, ಉಜ್ಜುವ ಯಂತ್ರಗಳು, ಇವು ಹಗಲೂ ರಾತ್ರಿಯೂ ಆರುವುದಿಲ್ಲ. ಇಪ್ಪತ್ತಮೂರು ಗಾಜಿನಕ್ಕ. ಇಪ್ಪತ್ತನಾಲ್ಕು ಅಳಿಯ.

"ನಿಮ್ಮ ಲ್ಯಾಪ್‌ಟಾಪು ಎಷ್ಟು ಹೊತ್ತಿನಿಂದ ಮಡಚಿದೆ?"

"ಮಧ್ಯಾಹ್ನದಿಂದ."

"ಹಾಗೇ ಇರ್ಲಿ. ತೆರೀಬೇಡಿ."

ಪುಸ್ತಕದಿಂದ ಒಂದು ಚೂರು ಹರಿದು, ಏನೋ ಬರೆದು, ನಾಲ್ಕಾಗಿ ಮಡಿಸಿ ಯಜಮಾನರ ಕೈಗೆ ಕೊಟ್ಟರು. ಹೇಳುವವರೆಗೆ ಬಿಡಿಸಬಾರದೆಂದರು. ಯಜಮಾನರು ಅರವತ್ತು ವರ್ಷದ ಮನುಷ್ಯ. ಆದರೂ ಅದನ್ನು ಶಾಲೆಯ ಹುಡುಗನಂತೆ ಮುಷ್ಟಿಯಲ್ಲಿ ಬಿಗಿಹಿಡಿದರು.

ಲೈನ್‌ಮನ್ ಸ್ಟೂಲಿನಿಂದಲೇ ಡಬ್ಬಿಯ ಹೊಟ್ಟೆ ಮಗುಚಿದರು. ಅಲ್ಲಿ ಅಂಟಿಸಿದ ಹಳದಿ ಚೀಟಿಯ ಗುಪ್ತಪದವನ್ನು ಓದಿ ತಮ್ಮ ಫೋನಿಗೆ ಒತ್ತಿದರು. ಫೋನು ಹಳೆಯ ಡಬ್ಬಿಯ ಅಲೆಗೆ ಸೇರಿತು. ಸೇರಿದೊಡನೆ ಪ್ರಿಂಟರನ್ನೂ ಕಂಡುಕೊಂಡಿತು.

"ಏನು ಅಚ್ಚು ಹಾಕ್ಲಿ ಭಾವ? ನನ್ನ ಫೋನಲ್ಲಿ ಮೊಮ್ಮಗಳು ಬರೆದ ಬೆಕ್ಕು ಬಿಟ್ರೆ ಏನೂ ಇಲ್ಲ."

"ಬೆಕ್ಕೇ ಆಗ್ಲಿ."

ಪ್ರಿಂಟರ್ ಗೊರಗುಟ್ಟಿ, ಐದು ಕಾಲಿನ ಒಂದು ಬೆಕ್ಕನ್ನು ಹೊರಗೆ ದೂಡಿತು. ಐದನೆಯದು ಬಾಲವಿರಬೇಕೆಂದು ಲೈನ್‌ಮನ್ ಸಮಜಾಯಿಷಿ ಕೊಟ್ಟರು. ಯಾರೂ ನಗಲಿಲ್ಲ, ಓಣಿಯಲ್ಲಿ ಗಾಜಿನಕ್ಕನ ತುಟಿ ಮಾತ್ರ ಸ್ವಲ್ಪ ಅಲುಗಿತು.

ಮೇಷ್ಟ್ರು ಅಳಿಯನಿಗೆ ಪ್ರಿಂಟರಿನ ದಾಖಲೆ ತೆಗೆಯಲು ಹೇಳಿದರು. ಹಾಳೆ ಬಂತು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಬೇಕೆಂದರು. ಅಳಿಯ ಮನಸ್ಸಿನಲ್ಲೇ ಒಮ್ಮೆ ಓದಿದ. ಎರಡನೆಯ ಸಲ ಓದಿದ. ಮೂರನೆಯ ಸಲ ಬಾಯಿ ಬಿಟ್ಟ.

"ಮೂರು ಐವತ್ತೆರಡು. ಒಂದು ಪುಟ. ನಂಬರ್... ಇಪ್ಪತ್ನಾಲ್ಕು."

ಮೇಷ್ಟ್ರು ಕಣ್ಣಿನಲ್ಲೇ ಸನ್ನೆ ಮಾಡಿದರು. ಯಜಮಾನರು ಮುಷ್ಟಿ ಬಿಡಿಸಿ ಚೂರನ್ನು ತೆರೆದರು. ಅದರಲ್ಲಿ ಬರೆದಿದ್ದುದು ಒಂದೇ ಸಂಖ್ಯೆ. ಇಪ್ಪತ್ತನಾಲ್ಕು.

"ನಿಮ್ಮ ಪಟ್ಟೀಲಿ ಇಪ್ಪತ್ನಾಲ್ಕು ಯಾರು?"

ಮೇಷ್ಟ್ರು ಪಟ್ಟಿಯ ಆ ಸಾಲಿನ ಮೇಲೆ ಬೆರಳಿಟ್ಟರು.

"ನೀವು. ಅಂದ್ಮೇಲೆ ಈ ಬೆಕ್ಕನ್ನ ಅಚ್ಚು ಹಾಕಿದ್ದು ನೀವು. ಲ್ಯಾಪ್‌ಟಾಪು ಮಡಚಿ ಕಂಕುಳಲ್ಲಿ ಇಟ್ಕೊಂಡು, ನಮ್ಮೆಲ್ಲರ ಎದುರಿಗೆ ನಿಂತ್ಕೊಂಡು ಅಚ್ಚು ಹಾಕಿದ್ದೀರಿ. ಗಾಜಿನಕ್ಕ ಗುರುವಾರ ಎಷ್ಟು ತಪ್ಪು ಮಾಡಿದ್ಳೋ, ನೀವು ಈಗ ಅಷ್ಟೇ ತಪ್ಪು ಮಾಡಿದ್ದೀರಿ."

ಬಳಿಕ ಮೇಷ್ಟ್ರು ಲೆಕ್ಕ ಬಿಡಿಸಿದರು. ಒಂದು ತರಗತಿಗೆ ಇಬ್ಬರು ಹಾಜರಿ ಪುಸ್ತಕ ಇಟ್ಟಂತಾಗಿದೆ. ಮೇಲಿನ ಡಬ್ಬಿ ಬಂದ ಯಂತ್ರಗಳಿಗೆಲ್ಲ ಸಂಖ್ಯೆ ಹಂಚುತ್ತದೆ. ಅದು ಅದರ ಕೆಲಸ. ಕೆಳಗಿನ ಹಳೆಯ ಡಬ್ಬಿ ಅಲೆಯನ್ನು ಮಾತ್ರ ಹರಡಬೇಕಿತ್ತು. ಆದರೆ ಸಂಖ್ಯೆ ಹಂಚುವ ಹಳೆಯ ಚಾಳಿಯನ್ನು ಯಾರೂ ಬಿಡಿಸಲಿಲ್ಲ. ಮೇಲಿನ ಡಬ್ಬಿ ಬರೆದ ಪುಸ್ತಕವನ್ನು ಅದು ನೋಡುವುದಿಲ್ಲ. ಇಪ್ಪತ್ತು ಎಂದು ಕೂಗುತ್ತದೆ. ಯಂತ್ರ ಓಗೊಟ್ಟರೆ ಮುಂದಕ್ಕೆ ಹೋಗುತ್ತದೆ. ಇಪ್ಪತ್ತೆರಡರವರೆಗೆ ಎಲ್ಲವೂ ಎಚ್ಚರವಾಗಿದ್ದವು. ಗುರುವಾರ ಹನ್ನೊಂದಕ್ಕೆ ಗಾಜಿನಕ್ಕನ ಕಂಪ್ಯೂಟರ್ ಆರಿತ್ತು, ಇಪ್ಪತ್ತಮೂರು ಓಗೊಡಲಿಲ್ಲ. ಖಾಲಿಯೆಂದು ತಿಳಿದು ಅದನ್ನು ಹೊಸದಾಗಿ ಬಂದ ಇನ್ನಾರಿಗೋ ಕೊಟ್ಟಿತು. ಶುಕ್ರವಾರ ಹಕ್ಕುದಾರರಿಬ್ಬರೂ ಎದುರುಬದುರಾದಾಗ ಹಳದಿ ಚೌಕ ಬಂತು. ಇಂದು ಇಪ್ಪತ್ತಮೂರು ಆ ಇನ್ನಾರದೋ ಹೆಸರಿನಲ್ಲಿರುವುದರಿಂದ, ಮುಂದಿನದು ಇಪ್ಪತ್ತನಾಲ್ಕು; ಅದರ ಒಡೆಯ ಕಂಕುಳಲ್ಲಿ ನಿದ್ದೆ ಹೋಗಿದ್ದ.

ಅಳಿಯ ತಲೆ ತಗ್ಗಿಸಿ ಒಪ್ಪಿಕೊಂಡ. ವಿಡಿಯೊದ ಕೊನೆಯ ಎರಡು ನಿಮಿಷ ಉಳಿದಿದ್ದಾಗಲೇ ಪ್ರಿಂಟರಿನಿಂದ ಮೊದಲ ಚೀಟಿ ಹೊರಬಂದಿತ್ತು. ಕೆಲಸ ಆಯಿತಲ್ಲ ಎಂದು ವಿಡಿಯೊ ನಿಲ್ಲಿಸಿಬಿಟ್ಟಿದ್ದ.

"ಉತ್ತರ ಬಂತು ಅಂತ ಲೆಕ್ಕ ನಿಲ್ಲಿಸಿದ್ರಿ. ತಾಳೆ ನೋಡ್ಲಿಲ್ಲ," ಎಂದರು ಮೇಷ್ಟ್ರು. ಅವರ ಮಟ್ಟಿಗೆ ಅದು ದೊಡ್ಡ ಬೈಗುಳ.

ಯಜಮಾನರು ಪತ್ರಗಳನ್ನು ಮೇಜಿನ ಮೇಲಿಟ್ಟರು. ಆದರೆ ಲೇಖನಿಯ ಮುಚ್ಚಳ ಹಾಕಲಿಲ್ಲ. ಸಂಖ್ಯೆ ಅವಳದಲ್ಲವೆಂದು ಒಪ್ಪುತ್ತೇನೆ, ಬರೆದವಳು ಅವಳಲ್ಲವೆಂದು ಹೇಗೆ ಒಪ್ಪಲಿ ಎಂದು ಕೇಳಿದರು. ಬೇರೊಂದು ಫೋನಿನಿಂದ ಅವಳೇ ಕಳುಹಿಸಿರಬಹುದು.

ಸರಿಯಾದ ಪ್ರಶ್ನೆಯೆಂದು ಮೇಷ್ಟ್ರು ತಲೆದೂಗಿದರು. ಶಿಷ್ಯ ಕೊನೆಗೂ ತಾಳೆ ನೋಡುವುದನ್ನು ಕಲಿತಿದ್ದ.

ಮೊದಲು ಗಾಜಿನಕ್ಕನ ಫೋನನ್ನು ಮೇಜಿನ ಮೇಲೆ ಇಡಿಸಿದರು. ಗುಂಡಿ ಒತ್ತುವ ಫೋನು. ಅದಕ್ಕೆ ಅಲೆ ಹಿಡಿಯುವುದೂ ಬಾರದು, ಅಚ್ಚು ಹಾಕಿಸುವುದೂ ಬಾರದು. ಬಳಿಕ ಅಳಿಯನತ್ತ ತಿರುಗಿ, ಈ ಹಳೆಯ ಡಬ್ಬಿಯ ಗುಪ್ತಪದವನ್ನು ಯಾರಿಗೆ ಹೇಳಿದಿರಿ ಎಂದು ಕೇಳಿದರು. ಯಾರಿಗೂ ಇಲ್ಲ, ಮಾವನಿಗೂ ಹೇಳಿಲ್ಲ ಎಂದ ಅಳಿಯ.

"ಹೆಸರು, ಗುಪ್ತಪದ ಬದಲಾಯಿಸಿದ್ರಾ?"

"ಇಲ್ಲ. ಅಟ್ಟದಲ್ಲಿ ಹೇಗಿತ್ತೋ ಹಾಗೇ."

"ಅಟ್ಟಕ್ಕೆ ಹೋಗೋ ಮುಂಚೆ?"

ಇದಕ್ಕೆ ಉತ್ತರ ಕೊಟ್ಟವರು ಯಜಮಾನರು. ಕಾರ್ಖಾನೆಯ ಮೇಲೆ ಕಚೇರಿ, ಕಚೇರಿಯ ಮೇಲೆ ಅವರ ಮನೆ. ಡಬ್ಬಿ ಆರು ವರ್ಷ ಮನೆಯ ನಡುಕೋಣೆಯಲ್ಲಿತ್ತು. ಎರಡು ವರ್ಷದ ಹಿಂದೆ ಅಟ್ಟ ಸೇರಿತು. ಮಗಳ ಮದುವೆಯಾಗಿ ಅಳಿಯ ಈ ಮನೆಗೆ ಬಂದು ಹತ್ತು ತಿಂಗಳು.

ಹೇಳುತ್ತ ಹೇಳುತ್ತ ಅವರ ದನಿ ನಿಧಾನವಾಯಿತು. ಲೆಕ್ಕ ಅವರಿಗೂ ಹೊಳೆಯತೊಡಗಿತ್ತು.

"ಫೋನು ಒಮ್ಮೆ ಸೇರಿದ ಅಲೇನ ಮರೆಯಲ್ಲ," ಎಂದರು ಲೈನ್‌ಮನ್. "ತವರಿನ ದಾರಿ ಇದ್ದ ಹಾಗೆ. ಹತ್ತಿರ ಬಂದ್ರೆ ಯಾರೂ ಹೇಳೋದೇ ಬೇಡ, ತಾನಾಗೇ ಹೋಗಿ ಸೇರ್ಕೊಳ್ಳುತ್ತೆ."

ಡಬ್ಬಿಯ ಮೇಲೆ ಕೂತಿದ್ದ ಗಾಜಿನ ಪುಡಿಯಲ್ಲಿ ಲೈನ್‌ಮನ್ ಅವರ ಬೆರಳ ಗುರುತು ಬಿಟ್ಟರೆ ಇನ್ನೊಂದಿರಲಿಲ್ಲ; ಹೊಟ್ಟೆಯ ಚೀಟಿಯನ್ನು ಅವರಿಗಿಂತ ಮುಂಚೆ ಯಾರೂ ಓದಿರಲಿಲ್ಲ. ಹೀಗೆ ಗುಪ್ತಪದವನ್ನು ಹೊಸದಾಗಿ ಯಾರೂ ಪಡೆದಿರಲಿಲ್ಲ. ಇಪ್ಪತ್ತಮೂರನ್ನು ಪಡೆದ ಫೋನಿಗೆ ಅದು ಮೊದಲೇ ಗೊತ್ತಿತ್ತು. ಅದು ಎರಡು ವರ್ಷದ ಹಿಂದೆ ಮೇಲಿನ ಮನೆಯಲ್ಲಿ ಬಳಕೆಯಲ್ಲಿದ್ದ ಫೋನು. ಗಾಜಿನಕ್ಕ ಹತ್ತೊಂಬತ್ತು ವರ್ಷಗಳಲ್ಲಿ ಆ ಮನೆಯ ಹೊಸ್ತಿಲು ತುಳಿದವಳಲ್ಲ.

ಯಜಮಾನರು ಲೇಖನಿಗೆ ಮುಚ್ಚಳ ಹಾಕಿದರು. ಪತ್ರಗಳನ್ನು ಒಂದರ ಮೇಲೊಂದು ಇಟ್ಟು ಎರಡು ಸಲ ಹರಿದರು. ಎರಡು ಪತ್ರ, ಎಂಟು ತುಂಡು.

"ಒಳಗೆ ಬಾ," ಎಂದರು ಗಾಜಿನಕ್ಕನಿಗೆ. ಕ್ಷಮೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಆದರೆ ಅವಳ ಕುರ್ಚಿಯನ್ನು ತಾವೇ ಎಳೆದು ಮೇಜಿನ ಮುಂದೆ ಇಟ್ಟರು. ಮೂರು ದಿನದ ತಟ್ಟೆಗಳು ಗೋಡೆಗೆ ಒರಗಿ ಅವಳಿಗಾಗಿ ಕಾದಿದ್ದವು. ಗಾಜಿನಕ್ಕ ಅಳಲಿಲ್ಲ. ಕುಳಿತವಳು ಮೊದಲ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದನ್ನು ತೊಳೆದವರು ಯಾರು, ಇಷ್ಟು ಮರಳಿದೆಯಲ್ಲ ಎಂದು ಗೊಣಗಿದಳು. ಮೂರು ದಿನಗಳಲ್ಲಿ ಆ ಕೋಣೆಯಲ್ಲಿ ಕೇಳಿದ ಅತ್ಯಂತ ನೆಮ್ಮದಿಯ ಮಾತು ಅದು.

ಮೇಷ್ಟ್ರು ಹೊರಡಲಿಲ್ಲ. ಅರ್ಧ ಬಿಡಿಸಿದ ಲೆಕ್ಕ ಅವರ ಬೆನ್ನಿಗೆ ಚುಚ್ಚುತ್ತದೆ.

"ಗುರುವಾರ ಹನ್ನೊಂದಕ್ಕೆ ಈ ಕೋಣೇಲಿ ಯಾರಿದ್ರು?"

"ಯಾರೂ ಇರ್ಲಿಲ್ಲ," ಎಂದ ಅಳಿಯ. "ಆ ಹೊತ್ತಲ್ಲಿ ಯಾರೂ ಇರಲ್ಲ. ಅತ್ತೆ ಬಂದು ಆ ಬೆಂಚಿನ ಮೇಲೆ ಕೂತಿರ್ತಾರೆ, ಅಷ್ಟೆ."

"ಯಾರೂ ಇರಲ್ಲ ಅಂದ್ರಿ."

"ಅವರಿಗೆ ಕಣ್ಣು ಕಾಣಲ್ವಲ್ಲ."

ಅದು ಕಟ್ಟಡದಲ್ಲಿ ಎಲ್ಲರಿಗೂ ತಿಳಿದ ವಿಷಯ. ಎರಡು ವರ್ಷದ ಹಿಂದೆ ಶಸ್ತ್ರಚಿಕಿತ್ಸೆ ಕೈಕೊಟ್ಟ ಮೇಲೆ, ಯಜಮಾನರ ಹೆಂಡತಿಯ ಕಣ್ಣಿಗೆ ಯಾವ ಗಾಜೂ ಹಿಡಿಯದೆಂದು ವೈದ್ಯರು ಹೇಳಿದ್ದರು. ಯಜಮಾನರು ತಮ್ಮ ಕೈಯಿಂದಲೇ ಹನ್ನೊಂದು ಜೊತೆ ಉಜ್ಜಿ ನೋಡಿ, ಹನ್ನೆರಡನೆಯದಕ್ಕೆ ಕೈ ಚೆಲ್ಲಿದ್ದರು. ಅಂದಿನಿಂದ ಅಮ್ಮಾವ್ರು ದಿನಾ ಹನ್ನೊಂದಕ್ಕೆ ಕೋಲೂರಿ ಕೆಳಗಿಳಿದು, ಕೆಲಸದ ಸದ್ದು ಕೇಳುತ್ತ ಅರ್ಧ ಗಂಟೆ ಕೂರುತ್ತಿದ್ದರು. ಮೆಟ್ಟಿಲಿಗೆ ಒಂದು ಹೆಜ್ಜೆ, ಒಂದು ಕೋಲು. ಬೆಳಗ್ಗೆ ಮೇಷ್ಟ್ರು ಅಭ್ಯಾಸಬಲದಿಂದ ಎಣಿಸಿದ್ದರು: ಹದಿನೇಳು ಮೆಟ್ಟಿಲು, ಮೂವತ್ತನಾಲ್ಕು ಸದ್ದು.

"ಅವರು ಕೂತಿರೋದು ನಿಮಗೆ ಹೇಗೆ ಗೊತ್ತು? ನೀವು ಮೇಲಿನ ಕಚೇರೀಲಿ ಇರ್ತೀರಲ್ಲ."

ತಟ್ಟೆ ತೊಳೆಯಲು ಹೋಗುವಾಗ ಗಾಜಿನಕ್ಕ ಬಿಟ್ಟುಹೋಗುವ ಮುದ್ರೆ ಮೇಜಿನ ಮೇಲೆ ಅಳಿಯನ ಕೈಗೆ ಒಂದು ಗೇಣು ದೂರದಲ್ಲಿತ್ತು. ಅವನ ಕಣ್ಣು ಒಂದು ಕ್ಷಣ ಅದರ ಮೇಲೆ ಹೋಗಿ ಬಂತು.

ಮೇಷ್ಟ್ರು ಭಾಮೈದನಿಗೆ ಹಳೆಯ ಡಬ್ಬಿಯ ಪಟ್ಟಿ ತೆರೆಯಲು ಹೇಳಿದರು. ತನ್ನಿಂದ ಸಂಖ್ಯೆ ಪಡೆದವರ ಹೆಸರನ್ನು ಡಬ್ಬಿಯೂ ಬರೆದಿಟ್ಟುಕೊಂಡಿರುತ್ತದೆ.

ಆಗ ಗಾಜಿನಕ್ಕ ತಟ್ಟೆಯನ್ನು ಕೆಳಗಿಟ್ಟಳು.

"ಬೇಡ ಸಾರ್. ನನ್ನ ಕೆಲಸ ಉಳೀತು, ಹೆಸರು ಉಳೀತು. ನನಗೆ ಅಷ್ಟು ಸಾಕು. ಅಲ್ಲಿಗೇ ಬಿಡಿ."

ಆರೋಪ ಹೊತ್ತ ಮೂರು ದಿನ ಒಮ್ಮೆಯೂ ಬೇಡದವಳು ಈಗ ಬೇಡುತ್ತಿದ್ದಳು. ಮೇಷ್ಟ್ರು ಅವಳನ್ನು ದೀರ್ಘವಾಗಿ ನೋಡಿದರು. ಆದರೆ ಲೈನ್‌ಮನ್ ಅವರ ಬೆರಳು ಅಷ್ಟರಲ್ಲಿ ಪುಟ ತೆರೆದಾಗಿತ್ತು.

ಎರಡೇ ಸಾಲು. ಇಪ್ಪತ್ತನಾಲ್ಕರ ಎದುರು ಲೈನ್‌ಮನ್ ಅವರ ಫೋನಿನ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕೆ. ಇಪ್ಪತ್ತಮೂರರ ಎದುರು ಬೂದು ಚುಕ್ಕೆ. ಆ ಫೋನು ಈಗ ಹತ್ತಿರದಲ್ಲಿಲ್ಲ. ಅದರ ಹೆಸರನ್ನು ಓದಿ ಲೈನ್‌ಮನ್ ಹುಬ್ಬು ಗಂಟಿಕ್ಕಿದರು.

"'ಹೆಡ್ಡಾಫೀಸು' ಅಂತಿದೆ ಭಾವ. ಇವರಿಗೆ ಬೇರೆ ಕಡೆ ಆಫೀಸು ಉಂಟಾ?"

ಯಜಮಾನರು ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು.

"ನಾನೇ ಇಟ್ಟ ಹೆಸರು ಅದು," ಎಂದರು. "ಫೋನು ಕೊಡಿಸಿದ ದಿನ, ತಮಾಷೆಗೆ. ಈ ಮನೇಲಿ ಹೆಡ್ಡಾಫೀಸು ಅಂದ್ರೆ ನನ್ನ ಹೆಂಡ್ತಿ."

"ಅತ್ತೆ ಫೋನಲ್ಲಿ ಬರೀ ಹಾಡು ಕೇಳ್ತಾರೆ," ಎಂದ ಅಳಿಯ. ಅವನ ದನಿ ಬದಲಾಗಿತ್ತು. "ಅಕ್ಷರಾನೇ ಕಾಣದೋರು ಅರ್ಜಿ ಹೇಗೆ ಬರೀತಾರೆ? 'ಮುದ್ರೆ ಒತ್ತಿದ್ದು' ಹೇಗೆ ನೋಡ್ತಾರೆ?"

ಮೇಷ್ಟ್ರು ಪುಸ್ತಕ ತೆರೆದು ಹೆಸರಿಲ್ಲದ ಚೀಟಿಯನ್ನು ತೆಗೆದು ಯಜಮಾನರ ಮುಂದಿಟ್ಟರು. ಹದಿನಾಲ್ಕೂ ಮುಕ್ಕಾಲು. ಹನ್ನೊಂದು ಜೊತೆ ಉಜ್ಜಿದ ಮನುಷ್ಯನಿಗೆ ಆ ಅಂಕೆ ಯಾವ ಕಣ್ಣಿನದೆಂದು ಹೇಳಬೇಕಾಗಿರಲಿಲ್ಲ. ಅವರು ಚೀಟಿಯಿಂದ ತಲೆಯೆತ್ತಿ ಗಾಜಿನಕ್ಕನನ್ನು ನೋಡಿದರು. ಅವಳು ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದಳು.

"ನೀನು ಹನ್ನೊಂದು ಜೊತೆಗೆ ನಿಲ್ಲಿಸಿದೆ," ಎಂದರು ಮೇಷ್ಟ್ರು. ಬೆಳಗಿನಿಂದ ಯಜಮಾನರನ್ನು ಬಹುವಚನದಲ್ಲೇ ಕರೆಯುತ್ತಿದ್ದವರು ಈಗ ಮಾತ್ರ ಏಕವಚನಕ್ಕೆ ಬಂದಿದ್ದರು. "ಇವಳು ನಿಲ್ಲಿಸಿರಲಿಲ್ಲ."

ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷ. ಪತ್ರಗಳಿಗೆ ಐದಕ್ಕೆ ಸಹಿ ಬೀಳುವುದೆಂದು ಮೇಲಿನ ಮನೆಯಲ್ಲೂ ಎಲ್ಲರಿಗೂ ಗೊತ್ತಿತ್ತು. ಪತ್ರಗಳು ಹರಿದದ್ದು ಮಾತ್ರ ಇನ್ನೂ ಗೊತ್ತಿರಲಿಲ್ಲ.

"ಭಾವ," ಎಂದರು ಲೈನ್‌ಮನ್ ತಗ್ಗಿದ ದನಿಯಲ್ಲಿ.

ಇಪ್ಪತ್ತಮೂರರ ಎದುರಿನ ಬೂದು ಚುಕ್ಕೆ ಹಸಿರಾಗಿತ್ತು.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿತು. ಕೋಲಿನ ಸದ್ದಿಲ್ಲದ, ತಡವರಿಸದ, ಸಮನಾದ ಹೆಜ್ಜೆ. ಅಳಿಯನ ಕೈ ನಿಧಾನವಾಗಿ ಮುದ್ರೆಯತ್ತ ಸರಿಯಿತು. ಗಾಜಿನಕ್ಕ ಅದಕ್ಕಿಂತ ಮೊದಲು ಮುದ್ರೆಯನ್ನು ಎತ್ತಿಕೊಂಡಳು. ಯಜಮಾನರು ಬಾಗಿಲತ್ತ ತಿರುಗಿದರು. ಮೇಷ್ಟ್ರು ಎಂದಿನಂತೆ ಎಣಿಸುತ್ತಿದ್ದರು.

ಹದಿನೈದು. ಹದಿನಾರು. ಹದಿನೇಳು.

ಸದ್ದು ಅಲ್ಲಿಗೆ ನಿಂತಿತು. ಬಾಗಿಲ ಹಿಡಿ ತಿರುಗಿತು.